ಜಿಂಬೋಚೋದ ಪುಸ್ತಕ ವ್ಯಾಪಾರಿ ಇವಾನಾಮಿ ಶಿಗೆಯೋ



ಟೋಕಿಯೋದ ಜಿಂಬೋಚೋ ಪುಸ್ತಕದಂಗಡಿಗಳು ನಿಮಗೆ ಗೊತ್ತಿರಬಹುದು. ನಾಗಾನೋ ಪ್ರಾಂತ್ಯದಲ್ಲಿ 1881ರಲ್ಲಿ ಹುಟ್ಟಿದ ಇವಾನಾಮಿ ಶಿಗೆಯೋ ಅವರು ಶಿಕ್ಷಕ ವೃತ್ತಿ ಬಿಟ್ಟು, 1913ರಲ್ಲಿ ಅಲ್ಲಿ ಹಳೆಯ ಪುಸ್ತಕಗಳ ಅಂಗಡಿ ತೆರೆದರು. ಚೌಕಾಸಿ ಇಲ್ಲ, ಒಂದೇ ಬೆಲೆ! ಮರುವರ್ಷ ನತ್ಸುಮೆ ಸೋಸೆಕಿಯವರ 'ಕೊಕೊರೊ' ಕಾದಂಬರಿ ಪ್ರಕಟಿಸಿ ಹೆಸರಾದರು.

1926ರ ನಂತರ ಒಂದು ಯೆನ್ ಪುಸ್ತಕಗಳ ಭರಾಟೆ ಶುರುವಾಯಿತು. ಆದರೆ ಇಡೀ ಮಾಲೆಗೇ ಚಂದಾದಾರರಾಗಬೇಕಿತ್ತು. ಇವಾನಾಮಿ 1927ರಲ್ಲಿ ಜರ್ಮನಿಯ ರೆಕ್ಲಾಮ್ ಮಾಲೆಯ ಮಾದರಿಯಲ್ಲಿ 'ಇವಾನಾಮಿ ಬುಂಕೋ' ಎಂಬ ಜೇಬು ಪುಸ್ತಕಗಳನ್ನು ತಂದರು. ಸುಮಾರು 100 ಪುಟಕ್ಕೆ 20 ಸೆನ್. ಬೇಕಾದ ಒಂದನ್ನೇ ಕೊಳ್ಳಬಹುದು. (ಪುಸ್ತಕ ಹೊತ್ತು ಊರೂರು ಅಲೆದ ನಮ್ಮ ಗಳಗನಾಥರೂ ಇದೇ ಕಾಲದವರು.) 1940ರಲ್ಲಿ, ಪ್ರಾಚೀನ ರಾಜವಂಶದ ಕಥೆಗಳನ್ನು ಪ್ರಶ್ನಿಸಿದ ತ್ಸುದಾ ಸೋಕಿಚಿಯವರ ಗ್ರಂಥಗಳಿಗಾಗಿ ಲೇಖಕರೊಂದಿಗೆ ಇವರ ಮೇಲೂ ಮೊಕದ್ದಮೆ ಬಿತ್ತು. 1946ರಲ್ಲಿ ತೀರಿಕೊಂಡರು.

ಇಂದು 'ಕೊಕೊರೊ' ಅವೋಜೋರಾ ಬುಂಕೋ ಜಾಲತಾಣದಲ್ಲಿ ಉಚಿತ, ರೈಲಿನಲ್ಲಿ ಮೊಬೈಲಿನಲ್ಲೇ ಓದಬಹುದು. ಊರಿನಿಂದ ಪುಸ್ತಕ ತರಿಸಲು ಪರದಾಡುವ ನಮಗೂ ಇ-ಪುಸ್ತಕ ವರವೇ. ಆದರೆ ದುಡ್ಡು ಕೊಟ್ಟು ಪಡೆದ ಇ-ಪುಸ್ತಕ ಸಾಮಾನ್ಯವಾಗಿ ನಮ್ಮ ಖಾತೆಗೇ ಅಂಟಿಕೊಂಡಿರುತ್ತದೆ. ಓದಿಯಾದ ಮೇಲೆ ಜಿಂಬೋಚೋಗೆ ಒಯ್ದು ಮಾರುವಂತಿಲ್ಲ. ಇವಾನಾಮಿಯವರ ಮೊದಲ ಅಂಗಡಿ ನಡೆದದ್ದು ಯಾರೋ ಓದಿ ಮಾರಿದ ಪುಸ್ತಕಗಳಿಂದಲೇ.