ಹೊನ್ನಿನ ಬಾಯವನು

ಮಾತುಗಾರಿಕೆ ಬೇರೆ, ಬೋಧನೆ ಬೇರೆ. ಈ ಭೇದವನ್ನು ನಾನು ಸ್ಪಷ್ಟವಾಗಿ ಕಂಡುಕೊಂಡದ್ದು ಯೋಹಾನ ಕ್ರಿಸೊಸ್ತೊಮನ ಜೀವನದಲ್ಲಿ. ನಾಲ್ಕನೆಯ ಶತಮಾನದಲ್ಲಿ, ರೋಮನ್ ಸಾಮ್ರಾಜ್ಯದ ಅಂತಿಯೋಕ್ಯ ನಗರದಲ್ಲಿ ಹುಟ್ಟಿದ ಈತನು ತರುಣನಾಗಿದ್ದಾಗಲೇ ಭಾಷಣಕಲೆಯಲ್ಲಿ ಪಳಗಿದನು. ಬಳಿಕ ಬೆಟ್ಟ ಸೇರಿ ಕಠಿನ ತಪಸ್ಸನ್ನು ಕೈಗೊಂಡು, ಆರೋಗ್ಯ ಕೆಟ್ಟು ಊರಿಗೆ ಮರಳಿದನು. 386ರಲ್ಲಿ ಗುರುದೀಕ್ಷೆ ಪಡೆದನು.

387ರಲ್ಲಿ ಹೊಸ ತೆರಿಗೆಯಿಂದ ಕೆರಳಿದ ಜನರು ಚಕ್ರವರ್ತಿ ಥಿಯೊಡೋಸಿಯಸನ ಪ್ರತಿಮೆಗಳನ್ನು ಉರುಳಿಸಿದರು. ದಂಡನೆಯ ಭಯದಿಂದ ಊರೇ ನಡುಗಿತು. ವೃದ್ಧ ಬಿಷಪ್ ಫ್ಲೇವಿಯನ್ ಕ್ಷಮೆ ಬೇಡಲು ರಾಜಧಾನಿಗೆ ಹೊರಟನು. ಇತ್ತ ಕ್ರಿಸೊಸ್ತೊಮನು ವಾರಗಟ್ಟಲೆ ಪ್ರಸಂಗ ಮಾಡಿ ಅಂಜಿದವರನ್ನು ಸಂತೈಸಿದನು. ಜತೆಗೆ ಅವರ ದೋಷಗಳನ್ನೂ ಮುಚ್ಚಿಡದೆ ತೋರಿಸಿದನು. ಕೊನೆಗೆ ಕ್ಷಮೆ ದೊರೆಯಿತು.

ಆ ಕಾಲದಲ್ಲಿ ಇಗರ್ಜಿಯೊಳಗೇ ಚಪ್ಪಾಳೆ ತಟ್ಟುವ ರೂಢಿಯಿತ್ತು. ಅದನ್ನು ಕೇಳಿ ಮೊದಲು ಹಿಗ್ಗುತ್ತಿದ್ದೆನೆಂದೂ, ಮೆಚ್ಚಿದವರ ನಡತೆ ಬದಲಾಗದ್ದನ್ನು ನೆನೆದು ಮನೆಯಲ್ಲಿ ಕೊರಗುತ್ತಿದ್ದೆನೆಂದೂ ಆತನು ಸಭೆಯ ಮುಂದೆಯೇ ಒಪ್ಪಿಕೊಂಡನು. ಚಪ್ಪಾಳೆಯನ್ನು ನಿಲ್ಲಿಸಲು ಹೇಳಿದಾಗ ಜನರು ಅದಕ್ಕೂ ಚಪ್ಪಾಳೆ ತಟ್ಟಿದರಂತೆ!

398ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದ ಮಹಾಧರ್ಮಾಧ್ಯಕ್ಷನಾದಾಗ ತನ್ನ ಅರಮನೆಯ ವೆಚ್ಚವನ್ನು ಕಡಿದು ರೋಗಿಗಳ ಆಸ್ಪತ್ರೆಗೆ ಕೊಟ್ಟನು. ಹಸಿದ ಬಡವನನ್ನು ಬಾಗಿಲಲ್ಲಿ ಬಿಟ್ಟು ಪೂಜಾಪೀಠವನ್ನು ಸಿಂಗರಿಸುವುದು ವ್ಯರ್ಥವೆಂಬುದು ಆತನ ಬೋಧನೆ. ಸಿರಿವಂತರ ವಿಲಾಸವನ್ನು ಖಂಡಿಸಿ ರಾಣಿ ಯುಡೋಕ್ಸಿಯಾಳ ಕೋಪಕ್ಕೆ ಗುರಿಯಾದನು. 404ರಲ್ಲಿ ಗಡೀಪಾರಾಗಿ, 407ರಲ್ಲಿ ಮತ್ತಷ್ಟು ದೂರಕ್ಕೆ ನಡೆಸಿಕೊಂಡು ಹೋಗುತ್ತಿರುವಾಗ ಬಳಲಿ ಮಡಿದನು.

ಕ್ರಿಸೊಸ್ತೊಮ, ಎಂದರೆ ಹೊನ್ನಿನ ಬಾಯವನು, ಎಂಬ ಬಿರುದು ಆತನ ಮರಣಾನಂತರ ಬಂದದ್ದು. ಮಾತನ್ನೇ ನಂಬಿ ಬಾಳುವ ನನ್ನಂಥ ಉಪಾಧ್ಯಾಯನಿಗೆ ಆ ಬಿರುದಿಗಿಂತ ಚಪ್ಪಾಳೆಯ ಅನಂತರದ ಆ ಕೊರಗೇ ಹೆಚ್ಚಿನದೆನಿಸುತ್ತದೆ.