ಗಿಡದಿಂದಲೇ ಗಿಡದ ಪಾಠ ಕಲಿಸಿದ ಡಾ. ಬಿ.ಜಿ.ಎಲ್. ಸ್ವಾಮಿ



ನಮ್ಮ ಕನ್ನಡ ನಾಡಿನಲ್ಲಿ ಅನೇಕ ಮಹನೀಯರು ಹುಟ್ಟಿದ್ದಾರೆ. ಕವಿಗಳ ಫೋಟೋಗಳು ನಮ್ಮ ಶಾಲೆಯ ಗೋಡೆ ಮೇಲೆ ಸಾಲಾಗಿ ಇವೆ. ಆದರೆ ಗಿಡಮರಗಳನ್ನು ಓದಿ, ಓದಿದ್ದನ್ನು ಕನ್ನಡದಲ್ಲಿ ಕಥೆಯಂತೆ ಬರೆದ ವಿಜ್ಞಾನಿಯ ಫೋಟೋ ಇಲ್ಲ. ಆದ್ದರಿಂದ ಈ ಸಲದ ಗೋಡೆ ಪತ್ರಿಕೆಗೆ ನಾನು ಡಾ. ಬಿ.ಜಿ.ಎಲ್. ಸ್ವಾಮಿಯವರ ಜೀವನ ಚರಿತ್ರೆ ಬರೆಯುತ್ತಿದ್ದೇನೆ. ಇನ್ನೊಂದು ಕಾರಣವೂ ಇದೆ. ವಿಜ್ಞಾನದಲ್ಲಿ ನಮಗೆ ದ್ಯುತಿಸಂಶ್ಲೇಷಣೆ ಅನ್ನೋ ಪಾಠ ಇದೆ. ಆ ಪದ ಹೇಳೋಕೇ ನಾಲಿಗೆ ಹೊರಳಲ್ಲ ಅಂತ ನಮ್ಮಲ್ಲಿ ತುಂಬಾ ಜನ ಅಂತಾರೆ. ಸ್ವಾಮಿಯವರ ದಾರಿಯಲ್ಲಿ ಹೋದರೆ ಅದನ್ನು ಬಾಯಿಪಾಠ ಮಾಡಬೇಕಾಗಿಲ್ಲ, ಕಣ್ಣಿನಿಂದಲೇ ಕಲಿಯಬಹುದು.

ಸ್ವಾಮಿಯವರ ಪೂರ್ತಿ ಹೆಸರು ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ. ಅವರು 1918ನೇ ಇಸವಿ ಫೆಬ್ರವರಿ 5ರಂದು ಬೆಂಗಳೂರಿನಲ್ಲಿ ಜನಿಸಿದರು. ಅವರ ತಂದೆ ಯಾರು ಗೊತ್ತೇ? ಮಂಕುತಿಮ್ಮನ ಕಗ್ಗ ಬರೆದ ಡಿ.ವಿ. ಗುಂಡಪ್ಪನವರು, ಅಂದರೆ ನಾವೆಲ್ಲಾ ಡಿ.ವಿ.ಜಿ. ಅಂತ ಕರೆಯುವವರು. ಸ್ವಾಮಿಯವರು ಚಿಕ್ಕವರಿದ್ದಾಗಲೇ ತಾಯಿ ತೀರಿಕೊಂಡರು. ಮನೆ ತುಂಬಾ ಪುಸ್ತಕಗಳು, ಬಂದು ಹೋಗುವ ವಿದ್ವಾಂಸರು. ಅಂಥ ಮನೆಯಲ್ಲಿ ಬೆಳೆದ ಹುಡುಗ ಆರಿಸಿಕೊಂಡದ್ದು ಸಸ್ಯಶಾಸ್ತ್ರವನ್ನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. 1947ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಡಿ.ಎಸ್ಸಿ. ಪದವಿ ಪಡೆದರು.

ಆ ಕಾಲದಲ್ಲಿ ಅವರು ಹೆಚ್ಚಾಗಿ ಸಂಶೋಧನೆ ಮಾಡಿದ್ದು ಆರ್ಕಿಡ್ ಗಿಡಗಳ ಮೇಲೆ. ಆರ್ಕಿಡ್ ಅಂದರೆ ಏನೋ ದೂರದ್ದು ಅಂದುಕೊಳ್ಳಬೇಡಿ. ನಮ್ಮ ಸಕಲೇಶಪುರ, ಆಲೂರು ಕಡೆ ಹಲಸಿನ ಮರದ ಮೇಲೆ, ತೋಟದ ನೆರಳಿನ ಮರಗಳ ಮೇಲೆ ಮಳೆ ಹಿಡಿಯೋ ಹೊತ್ತಿಗೆ ಗುಲಾಬಿ ಬಣ್ಣದ ಗೊಂಚಲು ಇಳಿಬೀಳುತ್ತದಲ್ಲ, ಆ ಸೀತಾಳೆ ದಂಡೆಯೂ ಒಂದು ಆರ್ಕಿಡ್. ಆರ್ಕಿಡ್ ಹೂವಿನೊಳಗೆ ಬೀಜ ಹೇಗೆ ಹುಟ್ಟುತ್ತದೆ ಅನ್ನೋದನ್ನು ಸ್ವಾಮಿಯವರು ಸೂಕ್ಷ್ಮದರ್ಶಕದಲ್ಲಿ ನೋಡಿ ನೋಡಿ ಬರೆದರು. ಆ ಬೀಜ ರಾಗಿ ಹಿಟ್ಟಿನ ಪುಡಿಯಷ್ಟು ಸಣ್ಣದು. ಅವರೆಕಾಳಿನೊಳಗೆ ಮೊಳಕೆಗೆ ಬೇಕಾದ ಬುತ್ತಿ ಕಟ್ಟಿರುತ್ತದೆ, ಆದರೆ ಆರ್ಕಿಡ್ ಬೀಜದಲ್ಲಿ ಬುತ್ತಿಯೇ ಇರಲ್ಲ. ಒಂದು ಜಾತಿಯ ಶಿಲೀಂಧ್ರ ಸಹಾಯ ಮಾಡಿದರೆ ಮಾತ್ರ ಅದು ಮೊಳೆಯುತ್ತದೆ. ಒಂದು ಕಾಯಿಯಲ್ಲಿ ಸಾವಿರಾರು ಬೀಜ ಇದ್ದರೂ ಗಿಡವಾಗೋದು ಎಲ್ಲೋ ಕೆಲವು.

ಇಲ್ಲಿ ಒಂದು ಮುಖ್ಯ ವಿಷಯ ಹೇಳಬೇಕು. ನಮ್ಮೂರ ಕಡೆ ಅನೇಕರು ಸೀತಾಳೆಯನ್ನು ಬಂದನಿಕೆ ಅಂತ ತಿಳಿದು ಕಿತ್ತು ಬಿಸಾಡ್ತಾರೆ. ಬಂದನಿಕೆ ಬೇರೆ, ಸೀತಾಳೆ ಬೇರೆ. ಬಂದನಿಕೆ ಮರದೊಳಗೆ ಬೇರು ಚುಚ್ಚಿ ನೀರು ಹೀರುತ್ತದೆ. ಸೀತಾಳೆ ಮರವನ್ನು ಹಿಡಿದುಕೊಂಡು ಕೂತಿರುತ್ತದೆ ಅಷ್ಟೇ, ಮರದ ಅನ್ನ ಕದಿಯಲ್ಲ. ಇದಕ್ಕೆ ಸಾಕ್ಷಿ ಬೇಕಾದರೆ ಹೀಗೆ ಮಾಡಿ. ಗಾಳಿಯಲ್ಲಿ ಜೋತಾಡುವ ಅದರ ಒಣಗಿದ ಬೆಳ್ಳನೆ ಬೇರಿನ ಮೇಲೆ ನಾಲ್ಕು ಹನಿ ನೀರು ಬಿಡಿ. ನೋಡ್ತಾ ನೋಡ್ತಾ ಬೇರು ಹಸಿರಾಗುತ್ತದೆ! ಮೇಲಿನ ಬಿಳಿ ಪದರ ನೀರು ಕುಡಿದಾಗ ಒಳಗಿನ ಪತ್ರಹರಿತ್ತು ಕಾಣುತ್ತದೆ. ಅಂದರೆ ಎಲೆ ಮಾತ್ರವಲ್ಲ, ಸೀತಾಳೆಯ ಬೇರು ಕೂಡ ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ. ಸ್ವಂತ ದುಡಿಮೆಯ ಗಿಡವನ್ನು ಕಳ್ಳ ಅನ್ನೋದು ಸರಿಯೇ?

ಆಮೇಲೆ ಸ್ವಾಮಿಯವರು ಅಮೆರಿಕಕ್ಕೆ ಹೋಗಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಇರ್ವಿಂಗ್ ಬೈಲಿ ಎಂಬ ದೊಡ್ಡ ವಿಜ್ಞಾನಿಯ ಜೊತೆ ಕೆಲಸ ಮಾಡಿದರು. ಪೆಸಿಫಿಕ್ ಸಾಗರದಲ್ಲಿ ನ್ಯೂ ಕ್ಯಾಲಿಡೋನಿಯಾ ಅಂತ ಒಂದು ದ್ವೀಪ ಇದೆ. ಅಲ್ಲಿ ಮಾತ್ರ ಬೆಳೆಯುವ ಆಂಬೊರೆಲ್ಲಾ ಎಂಬ ಗಿಡದ ಕಟ್ಟಿಗೆಯಲ್ಲಿ ಬೇರೆ ಹೂಗಿಡಗಳಲ್ಲಿ ಇರುವಂಥ ನೀರಿನ ನಾಳಗಳು ಇಲ್ಲ ಅಂತ 1948ರಲ್ಲಿ ಗುರು ಶಿಷ್ಯರು ಸೇರಿ ಬರೆದರು. ಐವತ್ತು ವರ್ಷ ಕಳೆದ ಮೇಲೆ, 1999ರಲ್ಲಿ, ಬೇರೆ ವಿಜ್ಞಾನಿಗಳು ಡಿ.ಎನ್.ಎ. ಪರೀಕ್ಷೆ ಮಾಡಿದರು. ಈಗ ಭೂಮಿ ಮೇಲಿರುವ ಹೂಗಿಡಗಳಲ್ಲೆಲ್ಲಾ ಮೊದಲು ಬೇರೆ ಕವಲಾದ ವಂಶ ಈ ಆಂಬೊರೆಲ್ಲಾದ್ದೇ ಅಂತ ತಿಳಿಯಿತು. ತಾವು ಹೊಸದಾಗಿ ವಿವರಿಸಿದ ಒಂದು ಗಿಡಕ್ಕೆ ಸ್ವಾಮಿಯವರು ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ ಅಂತ ತಮ್ಮ ಗುರುಗಳ ಹೆಸರನ್ನೇ ಇಟ್ಟರು. ಇದು ಅವರ ಗುರುಭಕ್ತಿ.

1951ರಲ್ಲಿ ಇವರಿಬ್ಬರೂ ಇನ್ನೊಂದು ವಿಷಯ ಬರೆದರು. ಹಳೆಯ ಕಾಲದ ಹೂಗಳಲ್ಲಿ ಬೀಜ ಇಟ್ಟುಕೊಳ್ಳುವ ಭಾಗ ನಡುವೆ ಮಡಚಿದ ಎಲೆಯ ಹಾಗೆ ಇತ್ತು ಅಂತ. ಇದನ್ನು ತಿಳಿಯೋಕೆ ನಾವು ಹಾರ್ವರ್ಡಿಗೆ ಹೋಗಬೇಕಾಗಿಲ್ಲ. ಅವರೆಕಾಯಿ ಕಾಲದಲ್ಲಿ ಅಮ್ಮನಿಗೆ ಕಾಯಿ ಸುಲಿದು ಕೊಡುವಾಗ ಸ್ವಲ್ಪ ನಿಧಾನ ಮಾಡಿ. ಕಾಯಿಯನ್ನು ಒಂದು ಅಂಚಿನಲ್ಲಿ ಬಿಡಿಸಿ ಅಗಲ ಮಾಡಿದರೆ ಎಲೆ ಥರವೇ ಕಾಣುತ್ತದೆ. ಕಾಳುಗಳು ಎಲೆಯ ಅಂಚಿಗೆ ಅಂಟಿಕೊಂಡಿರುತ್ತವೆ, ಎದುರು ಅಂಚು ಎಲೆಯ ನಡುನರದ ಹಾಗೆ. ಹಸಿ ಸಿಪ್ಪೆಯಲ್ಲೂ ಪತ್ರಹರಿತ್ತು ಇದೆ, ಅದೂ ಬಿಸಿಲಿನಲ್ಲಿ ಆಹಾರ ತಯಾರಿಸುತ್ತದೆ.

ಇಂಡಿಯಾಕ್ಕೆ ವಾಪಸ್ ಬಂದ ಮೇಲೆ ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು, ಮುಂದೆ ಅಲ್ಲಿಯೇ ಪ್ರಿನ್ಸಿಪಾಲರೂ ಆದರು. ಅವರು ಬರೀ ಬೋರ್ಡಿನ ಮೇಲೆ ಎಲೆ ಬರೆದು ಕೂತವರಲ್ಲ. ವಿದ್ಯಾರ್ಥಿಗಳನ್ನು ಗುಂಪು ಕಟ್ಟಿಕೊಂಡು ಬೆಟ್ಟ ಕಾಡು ಸುತ್ತಿದರು. ಗಿಡದ ಮುಂದೆ ನಿಲ್ಲಿಸಿ ಎಲೆ ಮುಟ್ಟಿಸಿ, ಮೂಸಿಸಿ, ಹೆಸರು ಹೇಳಿಸಿದರು. ಆ ಪ್ರವಾಸಗಳ ತಮಾಷೆ, ಗಿಡಗಳ ಕಥೆ ಎಲ್ಲಾ ಸೇರಿಸಿ ಹಸುರು ಹೊನ್ನು ಅನ್ನೋ ಪುಸ್ತಕ ಬರೆದರು. ಅದಕ್ಕೆ ಚಿತ್ರಗಳನ್ನೂ ತಾವೇ ಬಿಡಿಸಿದರು. ಅದು ಅಚ್ಚಾದದ್ದು 1976ರಲ್ಲಿ. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ತಂದೆಯವರಿಗೂ 1967ರಲ್ಲಿ ಅದೇ ಪ್ರಶಸ್ತಿ ಬಂದಿತ್ತು. ಅಪ್ಪನಿಗೂ ಮಗನಿಗೂ ಒಂದೇ ಪ್ರಶಸ್ತಿ!

ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ ಅಂತ ಅವರ ಇನ್ನೊಂದು ಪುಸ್ತಕ ಇದೆ. ಹೆಸರು ಕೇಳಿದರೇ ನಗು ಬರುತ್ತೆ. ಆದರೆ ಮಾತು ನಿಜ. ಆಲೂಗಡ್ಡೆ, ಟೊಮ್ಯಾಟೊ, ಕಡಲೆಕಾಯಿ, ಹಸಿಮೆಣಸಿನಕಾಯಿ ಎಲ್ಲಾ ಅಮೆರಿಕ ಖಂಡಗಳ ಕಡೆಯಿಂದ ಹಡಗು ಹತ್ತಿ ಬಂದವು. ನಮ್ಮ ಬಿಸಿಯೂಟದ ಸಾಂಬಾರಿನಲ್ಲಿ ಎಷ್ಟು ಪರದೇಶ ಇದೆ ಅಂತ ನೀವೇ ಲೆಕ್ಕ ಹಾಕಿ. ನಮ್ಮ ತೋಟದ ಕಾಳುಮೆಣಸು ಮಾತ್ರ ಈ ಘಟ್ಟದ್ದೇ. ಇಂಗ್ಲಿಷಿನಲ್ಲಿ ಲೇಖನ ಬರೆದು ಪ್ರಪಂಚಕ್ಕೆ ಗೊತ್ತಾದ ವಿಜ್ಞಾನಿ, ತಮಿಳುನಾಡಿನಲ್ಲಿ ಕೆಲಸ ಮಾಡುತ್ತಾ, ಇದನ್ನೆಲ್ಲಾ ಕನ್ನಡದಲ್ಲಿ ಬರೆದರು. ಕನ್ನಡದಲ್ಲಿ ಓದಿದರೆ ವಿಜ್ಞಾನ ಬರಲ್ಲ ಅಂತ ಊರಲ್ಲಿ ಹೇಳೋರಿಗೆ ನಾನು ಈ ಪುಸ್ತಕಗಳ ಹೆಸರು ಹೇಳ್ತೀನಿ.

1980ರ ನವೆಂಬರ್ 2ರಂದು ಸ್ವಾಮಿಯವರು ನಿಧನರಾದರು. ಆಗ ಅವರಿಗೆ 62 ವರ್ಷ.

ಈಗ ನಮ್ಮ ಪಾಠಕ್ಕೆ ಬರೋಣ. ಗಿಡ ನೀರನ್ನೂ ಗಾಳಿಯ ಇಂಗಾಲದ ಡೈಆಕ್ಸೈಡನ್ನೂ ತಗೊಂಡು, ಬಿಸಿಲಿನ ಬಲದಿಂದ ಪತ್ರಹರಿತ್ತಿನಲ್ಲಿ ಸಕ್ಕರೆ ಮಾಡುತ್ತದೆ, ಆಮ್ಲಜನಕ ಬಿಡುತ್ತದೆ. ಇದನ್ನು ನಾವೇ ನೋಡಬಹುದಾದ ಎರಡು ಚಟುವಟಿಕೆ ಬರೆಯುತ್ತೇನೆ.

ಒಂದು: ಕೆರೆಯ ನೀರಿನೊಳಗೆ ಬೆಳೆಯುವ ಹೈಡ್ರಿಲಾ ಗಿಡವನ್ನು ಕೆರೆ ನೀರಿನ ಸಮೇತ ಗಾಜಿನ ಲೋಟಕ್ಕೆ ಹಾಕಿ ಬಿಸಿಲಲ್ಲಿ ಇಡಿ. ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಒಂದು ನಿಮಿಷಕ್ಕೆ ಎಷ್ಟು ಅಂತ ಎಣಿಸಿ. ನೆರಳಿಗೆ ಇಟ್ಟು ಮತ್ತೆ ಎಣಿಸಿ. ಕಡಿಮೆ ಆಗುತ್ತದೆ. (ಕೆರೆಗೆ ಒಬ್ಬೊಬ್ಬರೇ ಹೋಗಬೇಡಿ, ದೊಡ್ಡವರ ಜೊತೆ ಹೋಗಿ.)

ಎರಡು: ಕುಂಡದ ದಾಸವಾಳ ಗಿಡವನ್ನು ಎರಡು ದಿನ ಕತ್ತಲೆ ಕೋಣೆಯಲ್ಲಿ ಇಡಿ. ಆಮೇಲೆ ಒಂದು ಎಲೆಯ ನಡುವೆ ಎರಡೂ ಕಡೆ ಮುಚ್ಚುವಂತೆ ಕಪ್ಪು ಕಾಗದದ ಪಟ್ಟಿ ಸಿಕ್ಕಿಸಿ, ಗಿಡವನ್ನು ಇಡೀ ದಿನ ಬಿಸಿಲಿಗೆ ಇಡಿ. ಸಂಜೆ ಆ ಎಲೆಯನ್ನು ಕಿತ್ತು ಪಟ್ಟಿ ತೆಗೆದು ನೀರಿನಲ್ಲಿ ಬೇಯಿಸಿ. ಆಮೇಲೆ ಸ್ಪಿರಿಟ್ಟಿನಲ್ಲಿ ಬಿಸಿ ಮಾಡಿ ಹಸಿರು ಬಣ್ಣ ತೆಗೆಯಬೇಕು. ಈ ಕೆಲಸ ಗುರುಗಳೇ ಮಾಡಬೇಕು, ಸ್ಪಿರಿಟ್ಟಿನ ಪಾತ್ರೆಯನ್ನು ಬೆಂಕಿಗೆ ಇಡದೆ ಬಿಸಿನೀರಿನ ಪಾತ್ರೆಯೊಳಗೆ ಇಡಬೇಕು. ಎಲೆ ತೊಳೆದು ಅಯೋಡಿನ್ ಹನಿ ಹಾಕಿದರೆ ಬಿಸಿಲು ಬಿದ್ದ ಜಾಗ ನೀಲಿ ಕಪ್ಪಾಗುತ್ತದೆ, ಅಲ್ಲಿ ಪಿಷ್ಟ ಇದೆ. ಪಟ್ಟಿ ಇದ್ದ ಜಾಗ ನೀಲಿ ಕಪ್ಪಾಗಲ್ಲ. ನಮ್ಮ ಮಲೆನಾಡಿನ ಮಳೆಯಲ್ಲಿ ಇದು ಆಗಲ್ಲ, ದೀಪಾವಳಿ ಕಳೆದು ಚೆನ್ನಾಗಿ ಬಿಸಿಲು ಬಂದ ಮೇಲೆ ಮಾಡಬೇಕು. ತೋಟಗಳಲ್ಲಿ ಮಳೆಗೆ ಮುಂಚೆ ಮರಗಸಿ ಮಾಡೋದು ಯಾಕೆ ಅಂತಲೂ ಇದರಿಂದ ಗೊತ್ತಾಗುತ್ತೆ. ಮೋಡ ಕವಿದ ದಿನಗಳಲ್ಲೂ ಕಾಫಿ ಎಲೆಗೆ ಬೆಳಕು ಬೇಕು, ಅದಕ್ಕೇ.

ಕೊನೆಯದಾಗಿ ಒಂದು ಬೇಡಿಕೆ. ಮರಗಸಿಯಲ್ಲಿ ಕೊಂಬೆ ಕಡಿದಾಗ ಸೀತಾಳೆಯೂ ನೆಲಕ್ಕೆ ಬೀಳುತ್ತದೆ, ಸೌದೆ ಜೊತೆ ಒಣಗಿ ಸಾಯುತ್ತದೆ. ಬಿದ್ದದ್ದು ಸಿಕ್ಕರೆ ಶಾಲೆಗೆ ತನ್ನಿ, ಮರದಲ್ಲಿ ಇರುವುದನ್ನು ಮಾತ್ರ ಕೀಳಬೇಡಿ. ಶಾಲೆ ಹಿಂದಿನ ಹಲಸಿನ ಮರಕ್ಕೆ ತೆಂಗಿನ ನಾರಿನ ಹಗ್ಗದಿಂದ ಕಟ್ಟೋಣ. ಬೇರು ಮರ ಹಿಡಿಯುವವರೆಗೆ ಮಳೆಯೇ ನೀರು ಹಾಕುತ್ತದೆ. ಈಗಾಗಲೇ ಮೂರು ಕಟ್ಟಿದ್ದೇವೆ. ಮುಂದಿನ ವರ್ಷ ಈ ತರಗತಿಗೆ ಬರುವ ತಮ್ಮ ತಂಗಿಯರಿಗೆ ಅದೇ ಪಾಠದ ಚಿತ್ರ ಆಗಲಿ.

ಇಂತಿ,
7ನೇ ತರಗತಿ ವಿದ್ಯಾರ್ಥಿನಿ