ಮಿದುಳಿನ ರೋಗಕ್ಕೆ ಯಕೃತ್ತಿನಲ್ಲಿ ಬೇರು ಕಂಡ ವಿಲ್ಸನ್

ಮನೆಯ ವೈರಿಂಗಿನಲ್ಲಿ, ಮೋಟಾರಿನ ಸುರುಳಿಯಲ್ಲಿ ದಿನಾ ಕಾಣುವ ತಾಮ್ರ ನಮ್ಮ ದೇಹಕ್ಕೂ ಬೇಕು, ಆದರೆ ಎಳ್ಳಷ್ಟೇ. ಹೆಚ್ಚಾದದ್ದನ್ನು ಯಕೃತ್ತು ಪಿತ್ತದೊಂದಿಗೆ ಹೊರಹಾಕುತ್ತದೆ. ಹುಟ್ಟಿನಿಂದಲೇ ಈ ಕೆಲಸ ಕೆಟ್ಟಿರುವವರ ಕಾಯಿಲೆಗೆ ಸ್ಯಾಮ್ಯುಯೆಲ್ ಅಲೆಕ್ಸಾಂಡರ್ ಕಿನ್ನಿಯರ್ ವಿಲ್ಸನ್ ಎಂಬ ವೈದ್ಯರ ಹೆಸರಿದೆ. ಸೋಜಿಗವೆಂದರೆ, ತಾಮ್ರದ ಪಾತ್ರ ಖಚಿತವಾಗುವ ಹೊತ್ತಿಗೆ ಅವರು ತೀರಿಹೋಗಿ ಹನ್ನೊಂದು ವರ್ಷವಾಗಿತ್ತು.

ವಿಲ್ಸನ್ ಹುಟ್ಟಿದ್ದು 1878ರಲ್ಲಿ, ಅಮೆರಿಕದ ನ್ಯೂಜೆರ್ಸಿಯಲ್ಲಿ. ಪಾದ್ರಿಯಾಗಿದ್ದ ತಂದೆ ಬೇಗನೆ ತೀರಿಕೊಂಡರು. ಕುಟುಂಬ ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಬಂತು. ಅಲ್ಲಿ 1902ರಲ್ಲಿ ವೈದ್ಯ ಪದವಿ, ಪ್ಯಾರಿಸ್ಸಿನಲ್ಲಿ ಒಂದಿಷ್ಟು ಕಲಿಕೆ, ಆಮೇಲೆ ಲಂಡನ್ನಿನ ಕ್ವೀನ್ ಸ್ಕ್ವೇರ್ ನರರೋಗ ಆಸ್ಪತ್ರೆಯಲ್ಲಿ ಕೆಲಸ.

ಕೈ ನಡುಗುವ, ಮಾತು ತೊದಲುವ, ಮೈ ಸೆಟೆದ ಎಳೆಯ ವಯಸ್ಸಿನ ರೋಗಿಗಳನ್ನು ಅಲ್ಲಿ ಕಂಡರು. ಕೆಲವರ ಒಡಹುಟ್ಟಿದವರಿಗೂ ಅದೇ ಪಾಡು. ಸತ್ತ ಮೇಲೆ ಪರೀಕ್ಷಿಸಿದರೆ ಮಿದುಳಿನ ಆಳದ ಒಂದು ಭಾಗ ಹಾಳಾಗಿತ್ತು. ಜತೆಗೆ, ಬದುಕಿದ್ದಾಗ ಸುಳಿವೇ ಕೊಡದ ಯಕೃತ್ತು ಗಂಟುಗಂಟಾಗಿತ್ತು. ನರತಜ್ಞರೊಬ್ಬರು ಯಕೃತ್ತಿಗೂ ಅಷ್ಟೇ ಬೆಲೆ ಕೊಟ್ಟು ನೋಡಿದ್ದೇ ದೊಡ್ಡದೆಂದು ನನ್ನೆಣಿಕೆ. ತಮ್ಮ ನಾಲ್ವರು ರೋಗಿಗಳ ಜತೆ ಆಸ್ಪತ್ರೆಯ ಹಳೆಯ ದಾಖಲೆಗಳನ್ನೂ ಕೆದಕಿ ಬರೆದ ಪ್ರಬಂಧಕ್ಕೆ 1911ರಲ್ಲಿ ಚಿನ್ನದ ಪದಕ ಬಂತು. ಮರುವರ್ಷ ‘ಬ್ರೇನ್’ ಪತ್ರಿಕೆ ಅದನ್ನು ಇನ್ನೂರಕ್ಕೂ ಹೆಚ್ಚು ಪುಟಗಳಲ್ಲಿ ಅಚ್ಚುಹಾಕಿತು.

ಯಕೃತ್ತಿಗೆ ಸಂಬಂಧಿಸಿದ ಯಾವುದೋ ವಿಷ ಮಿದುಳನ್ನು ಕೆಡಿಸುತ್ತದೆ ಎಂಬ ಅವರ ಊಹೆ ಗುರಿಯ ಹತ್ತಿರವೇ ಇತ್ತು. ರೋಗ ಆನುವಂಶಿಕವಲ್ಲ ಎಂದದ್ದು ಮಾತ್ರ ತಪ್ಪಾಯಿತು. ತಂದೆತಾಯಿ ಇಬ್ಬರಲ್ಲೂ ಒಂದೊಂದು ಕೆಟ್ಟ ಜೀನ್ ಅಡಗಿದ್ದರೆ ಅವರಿಗೇನೂ ಆಗುವುದಿಲ್ಲ. ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ಅಪಾಯ. ರಕ್ತಸಂಬಂಧದಲ್ಲಿ ಮದುವೆಯಾದರೆ ಇಬ್ಬರಲ್ಲೂ ಅದೇ ಜೀನ್ ಇರುವ ಸಾಧ್ಯತೆ ಹೆಚ್ಚು. ಅಕ್ಕನ ಮಗಳನ್ನು ತಂದುಕೊಳ್ಳುವ ನಮ್ಮ ಸಂಶಿ ಕಡೆಯವರಿಗೆ ಈ ಲೆಕ್ಕ ದೂರದ್ದಲ್ಲ.

1937ರಲ್ಲಿ ವಿಲ್ಸನ್ ತೀರಿಕೊಂಡರು. ಅವರ ನರರೋಗಗಳ ಬೃಹತ್ ಗ್ರಂಥ ಹೊರಬಂದದ್ದು 1940ರಲ್ಲಿ. ರೋಗಿಗಳ ಯಕೃತ್ತು, ಮಿದುಳುಗಳಲ್ಲಿ ತಾಮ್ರ ಮಿತಿಮೀರಿರುವುದನ್ನು 1948ರಲ್ಲಿ ಕಮಿಂಗ್ಸ್ ತೋರಿಸಿದರು. 1956ರಲ್ಲಿ ಜಾನ್ ವಾಲ್ಶ್ ಆ ತಾಮ್ರವನ್ನು ಮೂತ್ರದಲ್ಲಿ ಹೊರತರುವ ಪೆನಿಸಿಲಮೈನ್ ಔಷಧ ಪರಿಚಯಿಸಿದರು.

ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಮೂರು ದಶಕಗಳಲ್ಲಿ ತಾವು ಕಂಡ 282 ವಿಲ್ಸನ್ ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದ್ದಾರೆ. ಈಗ ಮನೆಯಲ್ಲಿ ಒಬ್ಬರಿಗೆ ರೋಗ ಕಂಡರೆ ಅಣ್ಣತಮ್ಮ, ಅಕ್ಕತಂಗಿಯರನ್ನೂ ಪರೀಕ್ಷಿಸುತ್ತಾರೆ. ರೋಗವಿದ್ದೂ ಕೈ ನಡುಗಲು ಶುರುವಾಗದವರಿಗೆ ಆಗಲೇ ಮಾತ್ರೆ ಆರಂಭಿಸುತ್ತಾರೆ.